ಎಪ್ಪತ್ತನೇ ಮೀಟರಿನಲ್ಲಿ ಬಿದ್ದ ಅಧ್ಯಕ್ಷರಿಗೆ

ನಾಲ್ಕು ತಾಲ್ಲೂಕುಗಳ ಜೂಜು ತಡೆ ಜಾಗೃತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ನ್ಯಾಮತಿಯ ಮೈದಾನದಲ್ಲಿ ನಡೆದ ನೌಕರರ ಕ್ರೀಡಾಕೂಟದಲ್ಲಿ, ನಲವತ್ತೈದು ದಾಟಿದವರ ನೂರು ಮೀಟರ್ ಓಟದಲ್ಲಿ, ಎಪ್ಪತ್ತನೇ ಮೀಟರಿನ ಹತ್ತಿರ ತಾವು ಬಿದ್ದಿರಿ. ಅದರಿಂದಾಗಿ ನನ್ನ ಹೆಂಡತಿಯ ಸ್ಕೂಟರ್ ಜಗಳೂರಿಗೆ ಹೋಯಿತು. ಇದು ನನ್ನ ದೂರು. ಬಿದ್ದವರು ಒಬ್ಬರು, ಸ್ಕೂಟರ್ ಹೋದದ್ದು ಇನ್ನೊಬ್ಬರದು, ಇವೆರಡಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಕೇಳಬೇಕಾದದ್ದೇ. ನಮ್ಮಲ್ಲಿ ಜೂಜು ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರನ್ನೇ ಹುಡುಕಿ ಆ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದ್ದಾರೆಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೇವೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ನಲ್ಲೂರಿನವನು. ಅಡಿಕೆ ಇನ್ನೂ ಮರದ ಮೇಲಿರುವಾಗಲೇ ಫಸಲನ್ನು ಅಂದಾಜು ಮಾಡಿ ಇಡೀ ತೋಟಕ್ಕೆ ಮಾತು ಮುಗಿಸುವ ಚೇಣಿ ವ್ಯಾಪಾರ ನನ್ನದು. ಮರದ ಬುಡದಲ್ಲಿ ನಿಂತು, ಕತ್ತೆತ್ತಿ ಗೊನೆ ನೋಡಿ, ಈ ತೋಟ ಇಷ್ಟು ಕೊಡುತ್ತದೆ ಎಂದರೆ ಅಷ್ಟು ಕೊಡಬೇಕು. ಇಪ್ಪತ್ತಾರು ವರ್ಷ ಹೀಗೆ ಕತ್ತೆತ್ತಿಕೊಂಡೇ ಓಡಾಡಿದ್ದೇನೆ. ನನಗೆ ಆಳೆತ್ತರಕ್ಕಿಂತ ಮೇಲಿರುವುದು ಮಾತ್ರ ಕಾಣುತ್ತದೆ ಎಂಬುದು ನನ್ನ ಹೆಂಡತಿ ಕಸ್ತೂರಮ್ಮನ ಹಳೆಯ ಆರೋಪ. ಮದುವೆಮನೆಗಳಿಂದ ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದ ನಾಲ್ಕು ಪ್ರಕರಣಗಳನ್ನು ಅವಳು ಸಾಕ್ಷಿಯಾಗಿ ಇಟ್ಟುಕೊಂಡಿದ್ದಾಳೆ. ಈ ಮಾತು ಈಗೇಕೆ ಎಂಬುದು ತಮಗೆ ಮುಂದೆ ತಿಳಿಯುತ್ತದೆ.

ತಾವು ಚನ್ನಗಿರಿಯಲ್ಲಿ ವೇದಿಕೆ ಹತ್ತಿ ನಮ್ಮೆಲ್ಲರ ಬಲಗೈ ಎತ್ತಿಸಿ, ಜೂಜು ಆಡುವುದಿಲ್ಲ, ಆಡಿಸುವುದಿಲ್ಲ, ಆಡುವವರ ಪಕ್ಕದಲ್ಲಿ ನಿಲ್ಲುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿದಿರಲ್ಲ, ಅಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನೇ. ಮನಸ್ಸಿನಿಂದಲೇ ಹೇಳಿದೆ. ನನ್ನ ಕಣ್ಣಿನಲ್ಲಿ ಜೂಜು ಎಂದರೆ ಮೊಬೈಲಿನಲ್ಲಿ ಬೆರಳಾಡಿಸಿ, ಯಾವುದೋ ದೇಶದ ಯಾರೋ ಬೌಲರ್ ಮುಂದಿನ ಚೆಂಡನ್ನು ಹೇಗೆ ಹಾಕುತ್ತಾನೆ ಎಂದು ಕಟ್ಟುವುದು. ಅದು ಮೂರ್ಖರ ಕೆಲಸ. ಆ ಬೌಲರ್ ಬೆಳಿಗ್ಗೆ ಏನು ತಿಂದ, ಮನೆಯಲ್ಲಿ ಜಗಳವಾಡಿ ಬಂದನೇ, ನಮಗೇನು ಗೊತ್ತು?

ಆದರೆ ನಮ್ಮ ನೌಕರರ ಕ್ರೀಡಾಕೂಟದ ರುಚಿಯೇ ಬೇರೆ. ಇಲ್ಲಿ ಎಲ್ಲ ಗೊತ್ತು. ಗುಂಡು ಎಸೆಯುವ ಮೇಷ್ಟರಿಗೆ ಭುಜ ನೋವು, ಮೆಡಿಕಲ್ ಅಂಗಡಿಯವರೇ ಹೇಳಿದ್ದಾರೆ. ಉದ್ದ ಜಿಗಿಯುವ ಗುಮಾಸ್ತರ ಮಗಳಿಗೆ ಸಂಬಂಧ ಕೂಡಿಬಂದಿದೆ, ಖುಷಿಯಲ್ಲಿದ್ದಾರೆ, ಒಂದಡಿ ಜಾಸ್ತಿಯೇ ಜಿಗಿಯುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಕಟ್ಟದೆ ಸುಮ್ಮನಿರುವುದು ಎಂಥ ಕಷ್ಟ ಎಂದು ತಾವು ಒಂದು ಸಲ ಅನುಭವಿಸಿ ನೋಡಬೇಕು. ಇದು ಜೂಜಲ್ಲ, ತಿಳಿವಳಿಕೆಗೆ ಸಿಗುವ ಮರ್ಯಾದೆ ಅನ್ನಿಸುತ್ತದೆ. ಗೆದ್ದವರಿಗೆ ಸಿಗುವುದು ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್. ಆ ಕ್ಯಾರಿಯರ್‌ಗಾಗಿ ಮೈ ಬೆವರಿಸಿಕೊಂಡು ಓಡುವವರ ಮೇಲೆ ನಾವು ಟಿವಿ, ಪಂಪ್‌ಸೆಟ್, ಹಾಲು ಕರೆಯುವ ಎಮ್ಮೆ ಎಲ್ಲವನ್ನೂ ಕಟ್ಟಿದ್ದೆವು. ಓಡುವವರಿಗೆ ಇದರ ಸುಳಿವಿಲ್ಲ ಎಂದುಕೊಂಡಿದ್ದೆವು. ತಮಗಂತೂ ಇತ್ತು.

ಹೌದು, ಇತ್ತು. ಕ್ರೀಡಾಕೂಟಕ್ಕೆ ಹತ್ತು ದಿನ ಇರುವಾಗಿನಿಂದ ತಾವು ಬೆಳಿಗ್ಗೆ ಸಂತೇಬೆನ್ನೂರಿನ ಹೊಂಡದ ಸುತ್ತ ಓಡತೊಡಗಿದಿರಿ. ನಾನು ಎದುರಿನ ಚಿತ್ತಪ್ಪನ ಚಹಾ ಅಂಗಡಿಯಲ್ಲಿ ಹತ್ತು ದಿನವೂ ಹಾಜರಿದ್ದೆ. ಒಂದು ಬೆಳಿಗ್ಗೆ ತಾವು ಚಹಾಕ್ಕೆ ಬಂದಾಗ, ಸಾಹೇಬರ ಮೇಲೆ ಜನ ಬಾಜಿ ಕಟ್ಟಿದ್ದಾರೆ ಎಂದು ಚಿತ್ತಪ್ಪ ಬಾಯಿ ಬಿಟ್ಟ. ಜಾಗೃತಿ ಸಮಿತಿಯ ಅಧ್ಯಕ್ಷರು ಆಗ ಏನು ಮಾಡಬೇಕಿತ್ತು? ಗದರಿಸಬೇಕಿತ್ತು. ಕನಿಷ್ಠ ಒಂದು ಕರಪತ್ರವನ್ನಾದರೂ ಕೊಡಬೇಕಿತ್ತು. ತಾವು ಲೋಟ ಕೆಳಗಿಟ್ಟು, “ನನ್ನ ಕಡೆ ಎಷ್ಟು ಜನ ಇದ್ದಾರಪ್ಪ?” ಎಂದಿರಿ. ಬಹಳ ಜನ ಎಂದ ಚಿತ್ತಪ್ಪ. ತಾವು ಎದ್ದು ಹೊಂಡವನ್ನು ಇನ್ನೊಂದು ಸುತ್ತು ಹಾಕಿದಿರಿ. ಅದನ್ನು ನೋಡಿ ನನ್ನ ಎದೆ ತುಂಬಿಬಂತು. ಎದೆ ಎಂದರೆ ತಮ್ಮದೂ ಹಾಗೆಯೇ ಕಾಣುತ್ತಿತ್ತು, ಅಗಲವಾಗಿ. ಭುಜ ನೆಟ್ಟಗೆ, ಕತ್ತು ನೇರ, ಉಸಿರು ಸರಾಗ. ಒಳ್ಳೆ ಗೊನೆ ಎಂದುಕೊಂಡೆ.

ತಮ್ಮ ಎದುರಾಳಿ ಹೊನ್ನಾಳಿಯ ಗ್ರಂಥಪಾಲಕ ರಘುನಾಥ. ಸಣಕಲು ದೇಹ, ದಪ್ಪ ಕನ್ನಡಕ. ಅವರನ್ನು ನೋಡುವುದಕ್ಕಾಗಿಯೇ ನಾನು ಹುಟ್ಟಿದ ಮೇಲೆ ಮೊದಲ ಬಾರಿಗೆ ಗ್ರಂಥಾಲಯಕ್ಕೆ ಹೋಗಿ ಸದಸ್ಯನಾದೆ. ಓಟದ ಹಿಂದಿನ ದಿನ ಒಂದು ಪೊಟ್ಟಣ ಮಿರ್ಚಿಯನ್ನೂ ಕೊಂಡೊಯ್ದೆ. ಪ್ರೀತಿಗೆ ಎಂದೆ. ಅವರು ನಯವಾಗಿ, ಎಣ್ಣೆ ತಾಗಿದರೆ ಪುಸ್ತಕ ಹಾಳಾಗುತ್ತವೆ ಎಂದು ಪೊಟ್ಟಣವನ್ನು ಹಿಂದಕ್ಕೆ ಕೊಟ್ಟರು. ಆ ಮನುಷ್ಯನ ಹೊಟ್ಟೆ ಕೆಡಿಸಲು ಹೋದದ್ದು ನನಗೆ ಆಗ ತಪ್ಪೆಂದು ಅನ್ನಿಸಲಿಲ್ಲ. ಬಾಜಿ ಕಟ್ಟಿದ ಮೇಲೆ ಎಂಥೆಂಥ ತಪ್ಪುಗಳು ತಪ್ಪೆನ್ನಿಸುವುದಿಲ್ಲ ಎಂದು ತಮ್ಮ ಮುಂದಿನ ಕರಪತ್ರದಲ್ಲಿ ಸೇರಿಸಿಕೊಳ್ಳಿ.

ಇನ್ನು ಬಾಜಿಯ ವಿಷಯ. ಸಂತೆಯ ದಿನ ಜಗಳೂರು ಕಡೆಯ ಓಬಳಪ್ಪ ಎಂಬ ಕುರಿ ಸಾಕುವವನು ಚಿತ್ತಪ್ಪನ ಅಂಗಡಿಯಲ್ಲಿ ನನ್ನ ಪಕ್ಕ ಕುಳಿತಿದ್ದ. ತಾವು ಎರಡು ಸಲ ಅವನ ಮುಂದೆ ಓಡಿ ಹೋದಿರಿ, ಅಷ್ಟೇ. ನಾನು ದಿನವೂ ನೋಡುತ್ತಿದ್ದೆ, ಅವನು ನೋಡಿದ್ದು ಎರಡು ನಿಮಿಷ. ಸಾಹೇಬರು ಗೆಲ್ಲುವುದಿಲ್ಲ ಎಂದ. ನನಗೆ ಕೆಣಕಿದಂತಾಯಿತು. ಕುರಿ ಸಂತೆಯಲ್ಲಿ ವ್ಯಾಪಾರ ಟವೆಲ್ಲಿನ ಕೆಳಗೆ ನಡೆಯುತ್ತದೆ ಎಂದು ತಮಗೆ ಗೊತ್ತಿರಬಹುದು. ಇಬ್ಬರ ಕೈ ಒಳಗೆ ಸೇರಿಸಿ, ಬೆರಳು ಒತ್ತಿ ಬೆಲೆ ಹೇಳುವುದು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಓಬಳಪ್ಪ ಟವೆಲ್ ಹಾಸಿ, ತನ್ನ ಟಗರಿನ ಹಗ್ಗದ ತುದಿಯನ್ನು ಒಳಗೆ ತಂದ. ನನ್ನ ಹತ್ತಿರ ಹಗ್ಗವಿರಲಿಲ್ಲ. ಜೇಬಿನಲ್ಲಿದ್ದ ಸ್ಕೂಟರಿನ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟೆ. ಹೊರಗೆ ಕಂಡಿದ್ದರೆ ಇಡುತ್ತಿರಲಿಲ್ಲವೇನೋ. ಕೈ ಟವೆಲ್ಲಿನ ಕೆಳಗಿದ್ದಾಗ ಅದು ನನ್ನ ಕೈಯೇ ಅಲ್ಲ ಅನ್ನಿಸಿಬಿಟ್ಟಿತು.

ಆ ಸ್ಕೂಟರ್ ನನ್ನದಲ್ಲ. ಕಸ್ತೂರಮ್ಮ ಮಹಿಳಾ ಸಂಘದಲ್ಲಿ ಕೂಡಿಟ್ಟು ಕೊಂಡದ್ದು. ಅವಳು ಶೇಂಗಾ ಚಟ್ನಿಪುಡಿ ಮತ್ತು ಖಡಕ್ ರೊಟ್ಟಿ ಮಾಡಿ ಚನ್ನಗಿರಿಯ ಅಂಗಡಿಗಳಿಗೆ ಅದರಲ್ಲೇ ಕೊಟ್ಟು ಬರುತ್ತಾಳೆ. ಐವತ್ತನೇ ವಯಸ್ಸಿನಲ್ಲಿ ಗಾಡಿ ಕಲಿತು, ಎರಡು ಸಲ ಬಿದ್ದು, ಮೂರನೇ ಸಲ ಒಬ್ಬಳೇ ಸಂತೇಬೆನ್ನೂರಿಗೆ ಹೋಗಿ ಬಂದ ದಿನ ಊರಿಗೆಲ್ಲ ಸಕ್ಕರೆ ಹಂಚಿದ್ದಳು. ಆ ಸಕ್ಕರೆಯನ್ನು ನಾನೂ ತಿಂದಿದ್ದೇನೆ, ಮಾನ್ಯರೇ.

ಟವೆಲ್ಲಿನ ಕೆಳಗೆ ಆದದ್ದು ಮಾತು ಮಾತ್ರ, ಓಟದ ದಿನ ಗಾಡಿಯನ್ನು ನಾನೂ ಟಗರನ್ನು ಓಬಳಪ್ಪನೂ ಮೈದಾನಕ್ಕೆ ತಂದಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಸೀಟಿ ಊದಿದರು. ಐವತ್ತು ಮೀಟರ್ ತನಕ ತಾವೇ ಮುಂದೆ. ಅರವತ್ತಕ್ಕೆ ರಘುನಾಥರ ಕನ್ನಡಕ ಬಿತ್ತು, ನಾನು ಟಗರಿಗೆ ಹೆಸರು ಯೋಚಿಸತೊಡಗಿದೆ. ಎಪ್ಪತ್ತಕ್ಕೆ ತಮ್ಮ ಎಡಗಾಲು ನೆಲ ಮುಟ್ಟಿ, ಮುಟ್ಟಬಾರದಿತ್ತು ಎಂಬಂತೆ ಹಿಂದೆ ಸರಿಯಿತು, ತಾವು ಮುಗ್ಗರಿಸಿದಿರಿ. ಕನ್ನಡಕವಿಲ್ಲದ ರಘುನಾಥ ಗೆರೆ ದಾಟಿ, ಅದು ಗೆರೆ ಎಂದು ಗೊತ್ತಾಗದೆ ಕಾಂಪೌಂಡಿನ ತನಕ ಓಡಿದರು. ನಾನು ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗ ಹಾರಿ ತಮ್ಮ ಹತ್ತಿರ ಬಂದೆ. ತಮಗೆ ನೆನಪಿದೆಯೋ ಇಲ್ಲವೋ. ತಾವು ಕಾಲು ಹಿಡಿದುಕೊಂಡು ಮಣ್ಣಿನಲ್ಲಿ ಕುಳಿತಿದ್ದಿರಿ. ನಾನು ಹೇಳಿದ ಮಾತು ಇದು: “ಏಳ್ರಿ ಸಾಹೇಬ್ರೆ, ಇನ್ನಾ ಮೂವತ್ತು ಮೀಟ್ರು ಐತೆ.”

ತಮ್ಮ ಎಡ ಹಿಮ್ಮಡಿಯಲ್ಲಿ ಮೊದಲಿನಿಂದಲೂ ಆಣಿ ಎದ್ದಿತ್ತು ಎಂಬ ಸತ್ಯ ಆಮೇಲೆ ಹೊರಬಿತ್ತು. ಚುನಾವಣೆಗೆ ನಿಲ್ಲುವವರು ಆಸ್ತಿ ವಿವರ ಘೋಷಿಸಬೇಕು ಎಂದ ಮೇಲೆ, ಓಟಕ್ಕೆ ನಿಲ್ಲುವವರು ಆಣಿಯ ವಿವರ ಘೋಷಿಸಬಾರದೇ ಎಂದು ಆ ಹೊತ್ತಿನಲ್ಲಿ ಕೂಗಾಡಿದೆ. ಓಬಳಪ್ಪ ನಗಲಿಲ್ಲ. ಸಮಾಧಾನ ಹೇಳುವವನ ದನಿಯಲ್ಲಿ, “ನೀವು ಗೊನೆ ನೋಡಿದ್ರಿ ಯಜಮಾನ್ರೆ, ನಾನು ಗೊರಸು ನೋಡಿದೆ. ಎಡಗಾಲು ಊರಾಕೆ ಹೆದರ್ತಿದ್ರು ಅವ್ರು” ಎಂದ. ಇಪ್ಪತ್ತಾರು ವರ್ಷದ ನನ್ನ ಕಣ್ಣಿನ ವಿದ್ಯೆ ಅಲ್ಲಿಗೆ ಮುಗಿಯಿತು. ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಕುರಿ ತಂದಿದ್ದ ವ್ಯಾನಿನಲ್ಲೇ ಸ್ಕೂಟರನ್ನು ನಿಲ್ಲಿಸಿ, ಟಗರಿನ ಪಕ್ಕಕ್ಕೆ ಕಟ್ಟಿಕೊಂಡು ಹೋದ.

ನಾನು ಬಸ್ಸಿನಲ್ಲಿ ಮನೆಗೆ ಬಂದೆ. ಕಸ್ತೂರಮ್ಮ ಹೊಸ್ತಿಲಲ್ಲೇ ಕೇಳಿದಳು: “ಹೆಲ್ಮೆಟ್ ಬಂತು. ಗಾಡಿ ಎಲ್ಲೈತೆ?” ಸರ್ವಿಸ್‌ಗೆ ಬಿಟ್ಟಿದ್ದೇನೆ ಎಂದೆ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಕಷ್ಟವಲ್ಲ. ಸಾಮಾನು ಬಂದಿಲ್ಲ, ಮೆಕ್ಯಾನಿಕ್ಕನ ಅತ್ತೆ ತೀರಿಕೊಂಡರು ಎಂದು ಎಂಟು ದಿನ ತಳ್ಳಿದೆ. ಅಷ್ಟೂ ದಿನ ಅವಳು ರೊಟ್ಟಿಯ ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದಳು. ಇಳಿಯುವಷ್ಟರಲ್ಲಿ ಅರ್ಧ ರೊಟ್ಟಿ ಪುಡಿಯಾಗಿರುತ್ತಿತ್ತು. ಒಡೆದ ರೊಟ್ಟಿಯನ್ನು ಅಂಗಡಿಯವರು ಹಿಂದಕ್ಕೆ ಕೊಟ್ಟರು. ರಾತ್ರಿ ಅದನ್ನೇ ಹಾಲಿಗೆ ಹಾಕಿ ನನಗೆ ಬಡಿಸಿದಳು, ಸತ್ತ ಅತ್ತೆಗಾಗಿ ಮರುಗುತ್ತ.

ಒಂಬತ್ತನೇ ದಿನ ಅವಳ ಫೋನಿಗೆ ಒಂದು ಕರೆ ಬಂತು. ಓಬಳಪ್ಪನ ಹೆಂಡತಿ ಗಾದ್ರಮ್ಮ. ಸ್ಕೂಟರಿನ ಡಿಕ್ಕಿಯಲ್ಲಿ ಚಟ್ನಿಪುಡಿಯ ಪೊಟ್ಟಣ ಸಿಕ್ಕಿತಂತೆ, ತಿಂದು ನೋಡಿದಳಂತೆ, ಇನ್ನಷ್ಟು ಬೇಕಿತ್ತಂತೆ, ಚೀಟಿಯ ಮೇಲೆ ನಂಬರ್ ಇತ್ತಂತೆ. ಪೊಟ್ಟಣ ಎಲ್ಲಿ ಸಿಕ್ಕಿತು ಎಂದು ಕಸ್ತೂರಮ್ಮ ಕೇಳಿದಳು. “ಗಾಡಿಯಾಗೆ ಕಣಕ್ಕ. ನಮ್ಮೋರು ಯಾರ ತಾವೋ ಗೆದ್ಕೊಂಡು ಬಂದಾರೆ. ನನ್ನ ಟಗರು ಇಟ್ಟು ಆಡ್ಯಾರೆ ನೋಡು, ನನ್ನ ಕೇಳ್ದೆ.” ಫೋನ್ ಸ್ಪೀಕರಿನಲ್ಲಿತ್ತು. ನಾನು ಕತ್ತೆತ್ತಿ ಜಂತಿ ನೋಡತೊಡಗಿದೆ.

ಕಸ್ತೂರಮ್ಮ ಗಾದ್ರಮ್ಮನ ಊರಿನ ದಾರಿ ಕೇಳಿಕೊಂಡಳು. ಮರುದಿನ ಹೆಲ್ಮೆಟ್ ಹಿಡಿದು ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹೋದಳು. ಅಲ್ಲಿ ಏನು ಮಾತಾಯಿತೋ ಪೂರ್ತಿ ನನಗೆ ತಿಳಿಯದು. ಗಾಡಿ ನಿಂದು, ಟಗರು ನಂದು, ಆಡಿದವರು ನಡುವೆ ಯಾರು ಎಂದು ಗಾದ್ರಮ್ಮ ಕೇಳಿದಳಂತೆ. ಓಬಳಪ್ಪ ತಾನು ಗೆದ್ದದ್ದು ಗೆದ್ದದ್ದೇ ಎಂದು ಶುರು ಮಾಡಿದ್ದನಂತೆ, ಊಟಕ್ಕೆ ಮೊದಲೇ ನಿಲ್ಲಿಸಿದನಂತೆ. ಮರುದಿನ ಮಧ್ಯಾಹ್ನ ಅವಳು ಹೆಲ್ಮೆಟ್ ಹಾಕಿಕೊಂಡು, ಅಷ್ಟು ದೂರದಿಂದ ಒಬ್ಬಳೇ ಗಾಡಿ ಓಡಿಸಿಕೊಂಡು ಬಂದಳು. ಜಗಳೂರಿನ ಎರಡು ಅಂಗಡಿಗಳಿಂದ ಚಟ್ನಿಪುಡಿಗೆ ಬೇಡಿಕೆಯೂ ಬಂದಿತ್ತು. ಗಾದ್ರಮ್ಮನೂ ಅವಳೂ ಈಗ ದಿನಕ್ಕೊಮ್ಮೆ ಮಾತಾಡುತ್ತಾರೆ. ಆಗ ನಾನು ಮನೆಯಿಂದ ಹೊರಗಿರುತ್ತೇನೆ.

ಬಂದವಳು ನೀರು ಕುಡಿದು, ನಡೆದದ್ದನ್ನೆಲ್ಲ ನನ್ನ ಬಾಯಿಂದಲೇ ಕೇಳಿಸಿಕೊಂಡಳು. ಹೊಂಡ, ಟವೆಲ್, ಮಿರ್ಚಿ, ಎಪ್ಪತ್ತನೇ ಮೀಟರ್, ಏನನ್ನೂ ಬಿಡದೆ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿ ಕುಳಿತೆ. ಅವಳು ಒಂದೇ ಒಂದು ಮಾತು ಕೇಳಿದಳು.

“ಬಿದ್ದರಲ್ಲ, ಆ ಮನುಷ್ಯಗೆ ಏನಾತು?”

ತಾವು ಬಿದ್ದು ಹನ್ನೊಂದು ದಿನ ಕಳೆದಿತ್ತು. ಸ್ಕೂಟರಿನ ಬಗ್ಗೆ, ಟಗರಿನ ಬಗ್ಗೆ, ತಮ್ಮ ಆಣಿಯ ಬಗ್ಗೆ, ತಾವು ನನಗೆ ಮಾಡಿದ ಮೋಸದ ಬಗ್ಗೆ ನೂರು ಸಲ ಯೋಚಿಸಿದ್ದೆ. ಕಾಲು ಹಿಡಿದುಕೊಂಡು ಮಣ್ಣಿನಲ್ಲಿ ಕುಳಿತ ಮನುಷ್ಯ ಒಂದು ಸಲವೂ ನೆನಪಿಗೆ ಬಂದಿರಲಿಲ್ಲ. ನಾಚಿಕೆಯಾಯಿತು, ಮಾನ್ಯರೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬ ಗಾದೆ ಅಡಿಕೆ ಸೀಮೆಯವರಾದ ನಮಗೆ ಬಾಯಿಪಾಠ. ನನ್ನದು ಒಂದು ಟಗರಿನ ಆಸೆಗೆ ಹೋಯಿತು. ನಮ್ಮೂರಿನ ಆಟಗಾರರು ನಮ್ಮವರು ಎಂದೇ ನಾವು ಅವರ ಮೇಲೆ ಕಟ್ಟುವುದು. ಕಟ್ಟಿದ ಗಳಿಗೆಯಿಂದ ಅವರು ನಮ್ಮವರಾಗಿ ಉಳಿಯುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ನನಗೆ ಹೊಳೆಯುತ್ತಿಲ್ಲ.

ಈಗ ಬೇಡಿಕೆಗೆ ಬರುತ್ತೇನೆ. ಮುಂದಿನ ಸಲ ಪ್ರತಿಜ್ಞೆ ಮಾಡಿಸುವಾಗ ಗಂಡಸರ ಬರಿಗೈ ಎತ್ತಿಸಬೇಡಿ. ಬರಿಗೈ ಎತ್ತಲು ನಮಗೇನು ಕಷ್ಟ? ಜೇಬಿನಲ್ಲಿರುವುದನ್ನು ಹೊರಗೆ ತೆಗೆಸಿ, ಇದು ಯಾರದು ಎಂದು ಕೇಳಿ. ಯಾರದೋ ಅವರನ್ನೇ ವೇದಿಕೆಗೆ ಕರೆದು ಅವರ ಕೈಗೆ ಕೊಡಿಸಿ. ಆ ಮೇಲೆ ಪ್ರತಿಜ್ಞೆ ಬೇಕಾಗುವುದಿಲ್ಲ. ತಾವೂ ಓಡುವುದನ್ನು ಬಿಡಬೇಡಿ. ಆದರೆ ಎಷ್ಟು ಜನ ತಮ್ಮ ಕಡೆ ಇದ್ದಾರೆ ಎಂದು ಚಿತ್ತಪ್ಪನನ್ನು ಕೇಳಬೇಡಿ.

ಕೊನೆಯದಾಗಿ, ಹಿಮ್ಮಡಿ ಹೇಗಿದೆ? ಊರಲು ಆಗುತ್ತಿದೆಯೇ? ಅಂದು ಮೈದಾನದಲ್ಲೇ ಕೇಳಬೇಕಾಗಿದ್ದ ಪ್ರಶ್ನೆ ಇದು, ತಡವಾಯಿತು, ಕ್ಷಮಿಸಿ. ಉತ್ತರವನ್ನು ದಯವಿಟ್ಟು ಬರಹದಲ್ಲಿ ಕೊಡಿ, ಕಸ್ತೂರಮ್ಮನ ಹೆಸರಿಗೇ ಕಳುಹಿಸಿ. ನಾನು ಹೋಗಿ ನೋಡಿ ಬಂದೆ, ಚೆನ್ನಾಗಿದ್ದಾರೆ ಎಂದರೆ ಅವಳು ನಂಬುವುದಿಲ್ಲ.

ಇಂತಿ,
ಬಸ್ಸಿನಲ್ಲೇ ಓಡಾಡುತ್ತ, ಹತ್ತಿದವರ ಕಾಲು ನೋಡುವುದನ್ನು ಕಲಿಯುತ್ತಿರುವ
ಗುರುಬಸವರಾಜ್, ನಲ್ಲೂರು