ಮೂರು ಜಂತಿಯಷ್ಟು ಬಿಸಿಲು

ಸೆಪ್ಟೆಂಬರ್ 11. ಬಿಸಿಲು ಪಾತ್ರೆ ಕಪಾಟಿನ ಮೇಲೆ.

ಹಾಲು ಕಾಯಿಸಿ ಕೆನೆಗಿಟ್ಟೆ. ಮೇಕೆ ಎಣಿಸಿದೆ, ಒಂದು ಕಡಿಮೆ. ಗುಡಾರದ ಹಿಂದೆ ಸಿಕ್ಕಿತು, ಒಣಹಾಕಿದ ನನ್ನ ಕಾಲುಚೀಲ ಅಗಿಯುತ್ತಿತ್ತು.

ತಂಗೀ ನೋರ್ಜ್ಮಾ, ನೀನು ಹೋಗಿ ಎರಡು ವರ್ಷ. ಕಾಗದ ಹಾಕಲು ವಿಳಾಸವಿಲ್ಲ, ಬರೆಯುವ ಚಟ ಮಾತ್ರ ಬಿಟ್ಟಿಲ್ಲ. ಹಾಗಾಗಿ ಈ ಪುಸ್ತಕ.

ಇವತ್ತೊಬ್ಬಳು ಬಂದಳು. ಮಿಶೀಲ್, ಉಲಾನ್‌ಬಾತರ್‌ನ ಡಾಕ್ಟರು. ತುರ್ತು ಚಿಕಿತ್ಸೆ ಅವಳ ವಿದ್ಯೆ. ವಯಸ್ಸು ಮೂವತ್ತು ದಾಟಿಲ್ಲ, ಕಣ್ಣ ಕೆಳಗೆ ಕಪ್ಪು. ಮೂರು ಬಟ್ಟಲು ಉಪ್ಪು ಚಹಾ ಕುಡಿದಳು, ದನ ಕೊಬ್ಬಿವೆಯಾ ಎಂದು ಕೇಳಿದಳು, ಮಳೆ ಹೇಗಿತ್ತು ಎಂದು ಕೇಳಿದಳು. ಆಮೇಲೆ ವಿಷಯಕ್ಕೆ ಬಂದಳು.

"ಅಜ್ಜಿ, ಇಲ್ಲಿ ಜನ ಆಸ್ಪತ್ರೇಲಿ ಸಾಯ್ತಿಲ್ಲ. ಆಸ್ಪತ್ರೆ ಮುಟ್ಟೋದ್ರೊಳಗೆ ಸಾಯ್ತಿದಾರೆ. ಇಡೀ ತಾಲೂಕಿಗೆ ಒಂದು ಗಾಡಿ. ಇನ್ನೊಂದು ಕೊಡಿ ಅಂದ್ರೆ ಕೊಡಲ್ಲ. ಇರೋದ್ರಲ್ಲೇ ಎಲ್ಲಿ ಹೊತ್ತು ಸೋರ್ತಿದೆ ಅಂತ ಹುಡುಕ್ಬೇಕು. ಹುಡುಕಿ, ಅದನ್ನೇ ಟ್ರೈನಿಂಗ್‌ನಲ್ಲಿ ಹೇಳಿಕೊಡ್ಬೇಕು. ಹೊತ್ತು ಬರೆದಿಟ್ಟೋರು ಈ ಕಡೆ ನೀವೊಬ್ರೇ ಅಂತೆ."

"ಬರೆದಿದೀನಿ. ನಿಂಗೆ ಅರ್ಥ ಆಗಲ್ಲ ಕಣಮ್ಮ."

ಪೆಟ್ಟಿಗೆಯಿಂದ ಹನ್ನೊಂದು ಪುಸ್ತಕ ತೆಗೆದುಕೊಟ್ಟೆ. ನಾನು ಆರೋಗ್ಯ ಸಹಾಯಕಿಯಾಗಿದ್ದ ಮೂವತ್ತೆರಡು ವರ್ಷದ ಕರೆಗಳು. ಒಂದನ್ನು ತೆರೆದು ಓದಿದಳು: 'ಬಂದ — ಐದನೇ ಜಂತಿ. ಹೊರಟೆ — ಏಳನೇ ಜಂತಿ.'

"ಇದೇನಜ್ಜಿ, ಬಡಗಿ ಲೆಕ್ಕಾನಾ?"

ನಕ್ಕೂ ನಕ್ಕೂ ನನಗೆ ಕೆಮ್ಮು ಬಂತು.

ಸೆಪ್ಟೆಂಬರ್ 14. ಬಿಸಿಲು ಒಲೆ ದಾಟಿದೆ.

ಮೂರು ದಿನದಿಂದ ಹುಡುಗಿ ಇಲ್ಲೇ ಬಿಡಾರ. ದುಂಡು ಗುಡಾರದ ನೆತ್ತಿಗಿಂಡಿಯಿಂದ ಸುತ್ತಲ ಜಂತಿಗಳ ಮೇಲೆ ಬೀಳುವ ಬಿಸಿಲಿನ ಹಿಂದೆ ಬಿದ್ದಿದ್ದಾಳೆ. ಬಾಗಿಲು ತೆಂಕಣಕ್ಕಿದ್ದರೆ ಸಾಕು, ಗುಡಾರವೇ ಗಡಿಯಾರ — ಅದನ್ನು ಅವಳ ಅಜ್ಜ ಹೇಳುತ್ತಿದ್ದನಂತೆ, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ದೇವರ ಪೆಟ್ಟಿಗೆಯ ನೇರಕ್ಕಿರುವ ಜಂತಿ ನಡುಹಗಲು. ಅಲ್ಲಿಂದ ಮೂಡಣಕ್ಕೆ ಒಂದು, ಎರಡು, ಮೂರು... ಬಿಸಿಲು ಒಂದು ಜಂತಿಯಿಂದ ಇನ್ನೊಂದಕ್ಕೆ ದಾಟಲು ಕಾಲು ಗಂಟೆಗಿಂತ ಚೂರು ಹೆಚ್ಚು. ಫೋನು ಹಿಡಿದು ಅಳೆದಳು. ಪ್ರತಿ ಜಂತಿಗೂ ಸೀಮೆಸುಣ್ಣದ ಗೀರು.

"ರಾತ್ರಿ ಕರೆಗೆ ಏನು ಮಾಡ್ತಿದ್ರಿ?"

"ನೋಡು, ಬರೆದಿದೆ."

ನೋಡಿದಳು. 'ಕತ್ತಲು.' ಬರೀ ಅಷ್ಟೇ. ತಲೆ ಚಚ್ಚಿಕೊಂಡಳು.

ಕೈಗಡಿಯಾರ ಇತ್ತು, ತಂಗಿ, ನೀನೇ ಕೊಟ್ಟದ್ದು. ಜನವರಿಯ ಚಳಿಗೆ ಅದರ ಮುಳ್ಳು ನಿಂತುಬಿಡುತ್ತಿತ್ತು. ಬಿಸಿಲು ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಪುಸ್ತಕ ತಿರುವಿದ ಹಾಗೆಲ್ಲ ವಾಸನೆ ಬರುತ್ತದೆ. ಸ್ಪಿರಿಟ್ಟು, ಕುದುರೆ ಬೆವರು. ಗಾಜಿನ ಸಿರಿಂಜನ್ನು ಯಾರದೋ ಒಲೆಯ ಮೇಲೆ, ಯಾರದೋ ಸಾರಿನ ಪಾತ್ರೆಯಲ್ಲಿ ಕುದಿಸುತ್ತಿದ್ದದ್ದು. ನನ್ನ ಕಂದು ಕುದುರೆ — ಹೊಳೆ ಹೆಪ್ಪುಗಟ್ಟಿದ್ದರೆ ಮೊದಲು ಒಂದು ಕಾಲಿಟ್ಟು ನೋಡುವುದು, ನನ್ನ ಕಡೆ ತಿರುಗುವುದು, ಆಮೇಲೇ ಹೆಜ್ಜೆ. ಆರು ತಿಂಗಳ ತರಬೇತಿ ಸರ್ಕಾರ ಕೊಟ್ಟಿತ್ತು. ಮಿಕ್ಕದ್ದೆಲ್ಲ ಆ ಜೀನಿನ ಮೇಲೆ ಕಲಿತದ್ದು. ಎಷ್ಟು ಚೆನ್ನಾಗಿತ್ತು. ಎಷ್ಟು ಕಷ್ಟವಿತ್ತು, ಆದರೂ ಎಷ್ಟು ಚೆನ್ನಾಗಿತ್ತು.

ಸಂಜೆಗೆ ಮುಂಚೆ ದೋರ್ಲಿಗ್ ಬಂದ. ಹೊರಗಿನಿಂದ ಎಂದಿನ ಕೂಗು — "ನಾಯಿ ಹಿಡೀರೋ!" ನಮ್ಮ ನಾಯಿಗೆ ಹಲ್ಲೇ ಇಲ್ಲ, ಆದರೂ ಬರುವವರೆಲ್ಲ ಹಾಗೆ ಕೂಗಲೇಬೇಕು. ವರ್ಷದ ಮೊದಲ ಒಣಮೊಸರಿನ ಚೀಲ ತಂದಿದ್ದ. ಮೂವತ್ತಮೂರು ವರ್ಷದಿಂದ ಮೊದಲ ಚೀಲ ನನಗೇ.

"ಏನಕ್ಕಾ, ಜಂತಿಗೆಲ್ಲ ಗೀರು ಎಳ್ಸಿದ್ದೀಯ? ಗುಡಾರಕ್ಕೆ ಸೂಜಿ ಚುಚ್ತೀರಾ?"

"ನಿನ್ನ ನಾಲಿಗೆಗೆ ಚುಚ್ತೀವಿ, ಕೂತ್ಕೋ."

ಮಿಶೀಲ್‌ಗೆ ಹೇಳಿದ: "ಈ ಅಕ್ಕ ಇಲ್ದಿದ್ರೆ ನನ್ನ ಮಗಳೂ ಇರ್ತಿರ್ಲಿಲ್ಲ ಡಾಕ್ಟರಮ್ಮ. ಹೆಂಡ್ತಿ ಉಳೀಲಿಲ್ಲ, ಅದು ಅವಳ ಹಣೆಬರಹ. ಕೂಸನ್ನ ಕೋಟಿನೊಳಗೆ ಕಟ್ಕೊಂಡು ಮೂವತ್ತು ಮೈಲಿ ಓಡ್ಸಿದ್ಲು."

ನಾನು ಒಲೆಗೆ ಸಗಣಿಬೆರಣಿ ತುಂಬಿದೆ. ತಲೆ ಎತ್ತಲಿಲ್ಲ.

ಸೆಪ್ಟೆಂಬರ್ 15

ಹುಡುಗಿ ಹಿಡಿದುಬಿಟ್ಟಳು.

"ಅಜ್ಜಿ, ಕುದುರೆ ಮೇಲೆ ನೀವು ಗಾಳಿ. ಹೊತ್ತು ಸೋರಿದ್ದು ದಾರೀಲಲ್ಲ. ಕರೆಯೋಕೆ ಜನ ಬರೋದಕ್ಕೂ ನೀವು ಹೊರಡೋದಕ್ಕೂ ನಡುವೆ. ಅರ್ಧ ಗಂಟೆ. ಹತ್ತಿರ ಹತ್ತಿರ ಪ್ರತಿ ಸಲ. ಜೀನು ಹಾಕೋಕೆ ಅಷ್ಟು ಹೊತ್ತಾ?"

ಪುಟ ತಿರುವಿದಳು.

"ಒಂದು ಕಡೆ ಮೂರು ಜಂತಿ ಇದೆ. ಮುಕ್ಕಾಲು ಗಂಟೆ ದಾಟ್ತು. ಕುರಿ ವರ್ಷ, ಅಂದ್ರೆ ಮೂವತ್ತಮೂರು ವರ್ಷದ ಹಿಂದೆ, ಡಿಸೆಂಬರ್, ಯಂಜ್ಮಾ ಅನ್ನೋ ಹೆಸರು. ಏನಾಗಿತ್ತು?"

"ಕುದುರೆ ಬಿಚ್ಕೊಂಡು ಹೋಗಿತ್ತು," ಅಂದೆ.

ಬರೆದುಕೊಂಡಳು.

ಸೆಪ್ಟೆಂಬರ್ 22. ಬಿಸಿಲಿಲ್ಲ, ಮೋಡ.

ಏಳು ದಿನ ಪುಸ್ತಕ ಮುಟ್ಟಲಿಲ್ಲ. ಆ ಕಂದು ಕುದುರೆ ಯಾವತ್ತೂ ಬಿಚ್ಚಿಕೊಂಡು ಹೋದದ್ದಲ್ಲ. ಪಾಪ, ಸತ್ತ ಕುದುರೆಯ ಮೇಲೆ ಹೊರಿಸಿದೆ.

ನಿನಗಾದರೂ ಹೇಳುತ್ತೇನೆ, ತಂಗಿ.

ಆ ದಿನ ದೋರ್ಲಿಗ್ ಬಂದಾಗ ಬಿಸಿಲು ಎರಡನೇ ಜಂತಿಯ ಮೇಲಿತ್ತು. ಮೀಸೆಯ ತುಂಬ ಮಂಜು. ಕೂತ. "ಚಳಿಗಾಲ ಸುಖವಾಗಿ ಕಳೀತಿದೆಯಾ?" ಅಂದೆ. "ಸುಖವಾಗಿದೆ," ಅಂದ. "ದನ ಕರು?" "ಚೆನ್ನಾಗಿವೆ." ರೂಢಿಯಂತೆ ನಶ್ಯದ ಬುರುಡೆ ತೆಗೆದು ಎರಡು ಕೈಯಲ್ಲಿ ಚಾಚಿದ. ಕೈ ನಡುಗುತ್ತಿತ್ತು. ಚಳಿ ಅಂದುಕೊಂಡೆ... ಇಲ್ಲ. ಚಳಿಯಲ್ಲ ಅಂತ ಗೊತ್ತಾಯಿತು. ಬೆರಳು ಚಳಿಗೆ ನಡುಗುವ ರೀತಿಯೇ ಬೇರೆ. ಆದರೂ ಹೊಸಿಲು ದಾಟಿದವನ ಬಾಯಿಂದ ಕೆಟ್ಟ ಮಾತು ಮೊದಲು ಹೊರಡಿಸಬಾರದು, ಅವನೇ ಹೇಳುವ ತನಕ ಕೇಳಬಾರದು — ಅಮ್ಮ ನಮಗೆ ಕಲಿಸಿದ್ದೇ ಅದು ತಾನೆ? ಬಟ್ಟಲು ತುಂಬಿದೆ. ಕುಡಿದ. ಹತ್ತು ದಿನದಿಂದ ನಮ್ಮ ಗುಡಾರಕ್ಕೆ ಒಂದು ನರಪಿಳ್ಳೆ ಬಂದಿರಲಿಲ್ಲ. ಎರಡನೇ ಬಟ್ಟಲೂ ತುಂಬಿದೆ. ಅವನು ಅದನ್ನೂ ಕುಡಿದ. ಬಟ್ಟಲು ಕೆಳಗಿಟ್ಟು, ಒಲೆ ನೋಡುತ್ತಾ ಅಂದ: "ಯಂಜ್ಮಾಗೆ ಕೂಸು ಹುಟ್ತು. ರಕ್ತ ನಿಲ್ತಿಲ್ಲ."

ಬಿಸಿಲು ಐದನೇ ಜಂತಿ.

ನಾವು ಮುಟ್ಟಿದಾಗ ಅವಳ ಮೈ ಬಿಸಿ ಆರಿರಲಿಲ್ಲ.

ಅವನಿಗೆ ಎಂದೂ ಹೇಳಲಿಲ್ಲ. ಅವನ ಮೊಸರು ಮಾತ್ರ ಪ್ರತಿ ವರ್ಷ ತಿಂದೆ.

ಸೆಪ್ಟೆಂಬರ್ 24

ಮಿಶೀಲ್‌ಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟಳು.

"ಎಲ್ಲಾ ಕರೆಗೂ ಚಹಾನಾ ಅಜ್ಜಿ?"

"ಎಲ್ಲಾದಕ್ಕೂ. ಎದೆನೋವಿಗೆ, ಹಾವಿಗೆ, ಕುದುರೆಯಿಂದ ಬಿದ್ದಿದ್ದಕ್ಕೆ. ಅವರು ಮೊದಲು 'ಎಲ್ಲಾ ಸುಖ' ಅನ್ನಬೇಕು, ನಾನು ಬಟ್ಟಲು ಕೊಡಬೇಕು."

"ಇದು ಯಾವ ಪುಸ್ತಕದಲ್ಲೂ ಇಲ್ಲ." ತನ್ನ ಮುಂದಿದ್ದ ಬಟ್ಟಲು ನೋಡಿದಳು: "ನಾನೂ ಬಂದ ದಿನ ಮೂರು ಬಟ್ಟಲು ಕುಡ್ದೇ ಬಾಯಿ ಬಿಟ್ಟೆ, ಅಲ್ವಾ?"

ಟ್ರೈನಿಂಗ್ ಇಲ್ಲೇ ಮಾಡೋಣ ಅಂದಳು, ಈ ಗುಡಾರದಲ್ಲಿ. ರಕ್ತ ಒತ್ತಿ ಹಿಡಿಯುವುದು, ಉಸಿರು ಕೊಡುವುದು ಅವಳು ಕಲಿಸುತ್ತಾಳೆ. ಬಾಗಿಲಲ್ಲಿ ಆಡಬೇಕಾದ ಮೊದಲ ಮಾತು ನಾನು ಕಲಿಸಬೇಕು. ಯಾಕೆ ಎಂದೂ ಹೇಳಬೇಕು.

"ದೋರ್ಲಿಗ್‌ಗೆ ಮೊದಲು ಹೇಳ್ದೆ ಊರಿಗೆ ಹೇಳಲಾರೆ," ಅಂದೆ.

"ಅವರು ಮುನಿಸ್ಕೊಂಡ್ರೆ?"

ಮುನಿಸಿಕೊಂಡರೆ ಏನು... ನನ್ನ ಓರಗೆಯವರಲ್ಲಿ ಉಳಿದಿರುವುದು ಅವನೊಬ್ಬನೇ.

ಅಕ್ಟೋಬರ್ 3

ದೋರ್ಲಿಗ್‌ನ ಗುಡಾರಕ್ಕೆ ಹೋಗಿದ್ದೆ. ಕುಶಲ ಕೇಳಲಿಲ್ಲ. ಕೂರುವ ಮೊದಲೇ ಹೇಳಿದೆ — ನಿನ್ನ ಕೈ ನಡುಗಿದ್ದು ನೋಡಿದ್ದೆ, ಕೇಳಲಿಲ್ಲ, ಎರಡನೇ ಬಟ್ಟಲು ನಾನೇ ತುಂಬಿದೆ, ಆ ಮುಕ್ಕಾಲು ಗಂಟೆ ಅವಳಿಗೆ ಸಿಕ್ಕಿದ್ದರೆ ಬದುಕುತ್ತಿದ್ದಳೋ ಏನೋ.

ದೋರ್ಲಿಗ್ ನಶ್ಯದ ಬುರುಡೆಯ ಮುಚ್ಚಳ ತಿರುಗಿಸಿದ, ಮತ್ತೆ ತಿರುಗಿಸಿದ. ಎದ್ದು ಹೊರಗೆ ಹೋದ. ಕುದುರೆ ಹೋದ ಸದ್ದಾಯಿತು. ಅವನ ಸೊಸೆ ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದಳು, ಕೊಡಲೋ ಬೇಡವೋ ತಿಳಿಯದೆ.

ಕಾದೆ. ಅವನು ಬರಲಿಲ್ಲ.

ಅಕ್ಟೋಬರ್ 12. ಬಿಸಿಲು ಎರಡನೇ ಜಂತಿಯಲ್ಲಿ ಶುರು.

ಟ್ರೈನಿಂಗ್. ದನಗಾಹಿಗಳು ಹನ್ನೊಂದು ಮಂದಿ, ಹೊಳೆಯಾಚೆಯ ಹೊಸ ಆರೋಗ್ಯ ಸಹಾಯಕಿ, ಆಸ್ಪತ್ರೆ ಡ್ರೈವರು. ಕುರಿಚರ್ಮದಲ್ಲಿ ಹುಲ್ಲು ತುಂಬಿ ರೋಗಿ ಮಾಡಿದ್ದೇವೆ. ಮಿಶೀಲ್ ಹಳೇ ಬಟ್ಟೆಯಿಂದ ಕಟ್ಟು ಬಿಗಿಯುವುದು ತೋರಿಸಿದಳು, ಎದೆ ಒತ್ತಿಸಿದಳು. ಹುಲ್ಲೆಲ್ಲ ಉದುರಿತು.

ಆಮೇಲೆ ನನ್ನ ಪಾಠ. ಹೆಸರು ಹೇಳಲಿಲ್ಲ. "ಒಬ್ಬರು ಸತ್ತರು, ನನ್ನ ಚಹಾದಿಂದ," ಅಂದೆ, ಅಷ್ಟೇ. ಒಬ್ಬೊಬ್ಬರೇ ಹೊರಗೆ ಹೋಗಿ, ಕರೆಯಲು ಬಂದವರ ಹಾಗೆ ಒಳಗೆ ಬರಬೇಕು. ಕಾಯಿಲೆ ಮೊದಲು, ಕುಶಲ ಆಮೇಲೆ.

ಒಬ್ಬರಿಗೂ ಆಗಲಿಲ್ಲ! ಇಷ್ಟೆಲ್ಲ ಕೇಳಿದ ಮೇಲೂ ಹೊಸಿಲು ದಾಟಿದೊಡನೆ ಕೈ ನಶ್ಯದ ಬುರುಡೆಗೇ ಹೋಗುತ್ತದೆ. ಡ್ರೈವರು ಅಂತೂ — "ಸುಖವಾಗಿದೀವಿ, ದನ ಚೆನ್ನಾಗಿವೆ... ಅಯ್ಯೋ, ಅಪ್ಪಂಗೆ ಎದೆನೋವು!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಪ್ಪ ಸತ್ತು ಮೂರು ದಿನ ಆಯ್ತು, ಚಹಾ ಮುಗಿಸು," ಅಂದಳು ಮಿಶೀಲ್.

ನಗು ಇನ್ನೂ ನಿಂತಿರಲಿಲ್ಲ. ಕುದುರೆ ಓಡಿ ಬಂದ ಸದ್ದು. ನಾಯಿ ಹಿಡಿ ಎನ್ನುವ ಕೂಗಿಲ್ಲ. ಬಾಗಿಲು ತೆರೆಯಿತು. ದೋರ್ಲಿಗ್.

ನನ್ನ ಕೈ ತಾನಾಗಿ ಚಹಾದ ಹೂಜಿಗೆ ಹೋಯಿತು.

"ಅದನ್ನ ಕೆಳಗಿಡಕ್ಕಾ. ಯಂಜ್ಮಾಗೆ ಕೂಸು ಹುಟ್ತು. ರಕ್ತ ನಿಲ್ತಿಲ್ಲ. ಏಳು."

ಒಬ್ಬರೂ ನಗಲಿಲ್ಲ. ನಾನು ಎದ್ದೆ. ನಿಜಕ್ಕೂ ಎದ್ದೆ, ತಂಗಿ. ಗೂಟದಿಂದ ಚೀಲ ತೆಗೆದೆ, ಹೊರಗೆ ಹೋದೆ, ಅವನು ಜೀನು ಎತ್ತಿಕೊಟ್ಟ, ಪಟ್ಟಿ ನಾನು ಬಿಗಿದೆ. ಒಂದು ಕಾಲು ರಿಕಾಪಿನಲ್ಲಿಟ್ಟು ಹಾಗೇ ನಿಂತೆ. ಹೋಗುವುದೆಲ್ಲಿಗೆ...

ಬಾಗಿಲ ಬಳಿ ಮಿಶೀಲ್ ಫೋನು ನೋಡಿದಳು. ಮೆಲ್ಲಗೆ ಅಂದಳು: "ಮೂರು ನಿಮಿಷ."

ದೋರ್ಲಿಗ್ ಲಗಾಮು ಹಿಡಿದೇ ಇದ್ದ. "ಆ ಮಾತು ಮೂವತ್ತಮೂರು ವರ್ಷ ನನ್ನ ಬಾಯಲ್ಲೇ ಇತ್ತು," ಅಂದ. "ನೀನು ಕೇಳ್ಲಿಲ್ಲ ಸರಿ. ಹೇಳ್ದೇ ಇದ್ದೋನು ನಾನಲ್ವಾ? ಮೊಸರು ಯಾಕೆ ತರ್ತಿದ್ದೆ ಅಂದ್ಕೊಂಡೆ? ನಿಂಗೆ ಗೊತ್ತಾಗಿರ್ಬಹುದು ಅಂತ ಹೆದ್ರಿ."

ಕುದುರೆಯ ಕತ್ತಿಗೆ ಹಣೆ ಒತ್ತಿಕೊಂಡೆ. ಕಂದು ಕುದುರೆಯ ಮೊಮ್ಮಗಳ ಮಗಳು ಇದು. ಅದೇ ವಾಸನೆ.

"ಈಗ ಚಹಾ ಕೊಡು," ಅಂದ.

ಎರಡು ಬಟ್ಟಲು ಕುಡಿದ.

ನವೆಂಬರ್ 26. ಬಿಸಿಲು ನಾಲ್ಕನೇ ಜಂತಿ.

ಹಿಮ ಮೊಣಕಾಲಿಗೆ. ಹೊಳೆ ಗಟ್ಟಿಯಾಗಿದೆ. ಹುಡುಗಿ ರಾಜಧಾನಿಗೆ ಹೋಗಿ ತಿಂಗಳಾಯಿತು. ಪತ್ರ ಬಂದಿದೆ, ಕೊಂಡೊಯ್ದ ನನ್ನ ಪುಸ್ತಕಗಳಿಗೆ ರಟ್ಟು ಹಾಕಿಸುತ್ತಾಳಂತೆ. 'ಕುದುರೆ ಬಿಚ್ಚಿಕೊಂಡು ಹೋಗಿತ್ತು' ಎಂಬ ಸಾಲು ಹೊಡೆದುಹಾಕಿದ್ದೇನೆ ಎಂದೂ ಬರೆದಿದ್ದಾಳೆ. ಜಂತಿಗಳ ಮೇಲಿನ ಗೀರು ಒರೆಸಿಲ್ಲ ನಾನು. ಇರಲಿ.

ಪೆನ್ಷನ್ ಆಗಿ ಒಂಬತ್ತು ವರ್ಷ, ಆದರೂ ಜನ ಹೊಳೆಯಾಚೆಗಿಂತ ಮೊದಲು ಇಲ್ಲಿಗೇ ಬರುತ್ತಾರೆ. ಚೀಲ ಗೂಟದಲ್ಲೇ ಇದೆ. ಚಹಾ ಈಗಷ್ಟೇ ಕುದಿಯಿತು, ಹಾಲು ಬೆರೆಸಬೇಕು. ದೋರ್ಲಿಗ್ ನಾಳೆ ಬರುತ್ತೇನೆ ಅಂದಿದ್ದಾನೆ, ಮಗಳನ್ನೂ ಕರೆದುಕೊಂಡು. ಅವಳಿಗೆ ಅವನೇ ಹೇಳುತ್ತಾನಂತೆ. ನಾನು ಪಕ್ಕದಲ್ಲಿ ಕೂತಿದ್ದರೆ ಸಾಕಂತೆ. ಅವಳ ಅಮ್ಮನ ಹಾಗೆಯೇ ಹುಬ್ಬು ಏರಿಸುತ್ತಾಳೆ ಅವಳು, ನೋಡಿದರೆ ನನಗೆ...

ಬೈಕಿನ ಸದ್ದು. ನಾಯಿ ಬೊಗಳುತ್ತಿದೆ. 'ನಾಯಿ ಹಿಡೀರಿ' ಅನ್ನುತ್ತಿಲ್ಲ. ಬೈಕು ನಿಲ್ಲಿಸುವ ಮೊದಲೇ ಕೂಗುತ್ತಿದ್ದಾನೆ ಯಾರೋ — ಮಗು, ಉಸಿರು —

ಬಂದ — ನಾಲ್ಕನೇ ಜಂತಿ. ಹೊರಟೆ — ನಾಲ್ಕ