ನೇತ್ರಾಣಿ ಹತ್ತಿರ ನಿಂತ ಚುಕ್ಕಿ

ತೆಂಗಿನಗುಂಡಿ, ಹೆಬಳೆ
25-7-2025, ಶುಕ್ರವಾರ

ಪ್ರೀತಿಯ ಮಗ ಉಮೇಶನಿಗೆ,

ನಿನ್ನ ಸೊಂಟದ ನೋವು ಹೇಗಿದೆ? ವಾಸ್ಕೋದಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಬಲೆ ಹೊಲಿದರೆ ನೋಯದೆ ಇನ್ನೇನಾಗುತ್ತದೆ? ಎಣ್ಣೆ ತಿಕ್ಕಿಕೋ. ಪ್ರಣಿತಾಗೆ ಬಸುರಿನ ವಾಂತಿ ನಿಂತಿತೇ? ಅವಳ ಬಾಯಿಗೆ ಒಣಮೀನು ಬೇಕಂತೆ, ಕಳಿಸುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಹತ್ತು ಆಡಿ ಇಟ್ಟುಬಿಡುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ನುಂಗಿಕೋ.

ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಸಮುದ್ರ ತೆರೆದ ಕೂಡಲೇ ಹೊಸ ದೋಣಿ ಇಳಿಸುತ್ತೇನೆಂದು ನೀನು ಕಾಯುತ್ತಿದ್ದೀಯ. ಅದರದ್ದೇ ಸುದ್ದಿ. ಹೊಸ ದೋಣಿಗೆ ಹೊಸ ಪರವಾನಗಿ ಇಲ್ಲ, ಹಳೆಯದೊಂದು ಹೋದರೆ ಅದರ ಜಾಗಕ್ಕೆ ಮಾತ್ರ ಎಂದರು ಕಚೇರಿಯವರು. ನಿನ್ನ ಅಣ್ಣ ಮೋಹನ ಹಳೆ ದೋಣಿ ಸಮೇತ ಹೋಗಿ ಎರಡು ಮಳೆಗಾಲವಾಯಿತು. ಹೆಣವೂ ಇಲ್ಲ, ಒಂದು ಹಲಗೆಯೂ ಇಲ್ಲ. ದೋಣಿ ಬದಲಿಸುವವರು ಮೊದಲು ಸಮುದ್ರದ ನಡುವಿನ ನೇತ್ರಾಣಿ ಗುಡ್ಡಕ್ಕೆ ಹೋಗಿ, ಅಲ್ಲಿಯ ದೈವ ಜಟಗನಿಗೆ ಕೋಳಿ ಕೊಟ್ಟು, ಹಳೆ ದೋಣಿಯ ಋಣ ಬಿಡಿಸಿಕೊಂಡು ಬರಬೇಕು. ನಮ್ಮ ಮನೆಯಲ್ಲಿ ಯಾರೂ ಇದನ್ನು ತಪ್ಪಿಸಿದ್ದಿಲ್ಲ. ನೀನು, "ಈಗ ಸಮುದ್ರ ಬಂದ್ ಅದೆ ಅಮ್ಮಾ. ಕೋಳಿ ಎಂತ ಓಡಿ ಹೋಗ್ತದಾ? ಮೊದ್ಲು ಸಹಿ ಹಾಕು" ಎಂದೆ. ದೋಣಿ ನಾಶವಾಗಿದೆ ಎಂದು ಸಹಿ ಹಾಕಿದೆ. ಮೋಹನನ ದೋಣಿಯ ಸಂಖ್ಯೆ ನಿನ್ನ ದೋಣಿಗೆ ಬಂತು.

ಅದನ್ನು ದೋಣಿಯ ಮೇಲೆ ಬರೆದವನು ಪಕ್ಕದ ಮನೆಯ ಅಣ್ಣಪ್ಪ. ಮರುದಿನವೇ ಓಡಿ ಬಂದ. "ಮಾದೇವಕ್ಕಾ, ಬಣ್ಣ ಒಣಗೂದೇ ಇಲ್ಲ ಮಾರಾಯ್ತಿ." ಮಳೆಗಾಲದಲ್ಲಿ ನಿನ್ನ ಮಂಡೆಯೂ ಒಣಗುವುದಿಲ್ಲ ಎಂದು ಬೈದು, ಹೋಗಿ ಮುಟ್ಟಿದೆ. ದಡದ ತಗಡಿನ ಮಾಡಿನಡಿ ಇಡೀ ದೋಣಿ ಒಣಗಿತ್ತು. ಸಂಖ್ಯೆ ಮಾತ್ರ ಒದ್ದೆ. ಬೆರಳು ನಾಲಿಗೆಗೆ ಹಚ್ಚಿದೆ. ಉಪ್ಪು.

ಆಮೇಲೆ ಮೀನುಗಾರಿಕೆ ಕಚೇರಿಯ ನೋಟೀಸು ಬಂತು: ನಿಷೇಧದ ದಿನಗಳಲ್ಲಿ ನಿಮ್ಮ ದೋಣಿ ಸಮುದ್ರದಲ್ಲಿದೆ, ಪರವಾನಗಿ ಏಕೆ ರದ್ದು ಮಾಡಬಾರದು? ಮೈ ಉರಿದುಹೋಯಿತು. ಮೇಜು ಬಡಿಯಲೆಂದೇ ಹೋದೆ. ಅಲ್ಲಿಯ ಹುಡುಗಿ ದಿವ್ಯಶ್ರೀ ಪಾಪದವಳು, ನೀರು ಕೊಟ್ಟು ಕೂರಿಸಿ, "ಅಜ್ಜಿ, ನೀವೇ ನೋಡಿ" ಎಂದು ಕಂಪ್ಯೂಟರ್ ತಿರುಗಿಸಿದಳು. ದೋಣಿ ಎಲ್ಲಿದೆಯೆಂದು ಉಪಗ್ರಹಕ್ಕೆ ತಿಳಿಸುವ ಪೆಟ್ಟಿಗೆ ಇರುತ್ತದಲ್ಲ, ಅದರ ಚುಕ್ಕಿ. ನೇತ್ರಾಣಿ ಹತ್ತಿರ ನಿಂತಿತ್ತು. ನಿನ್ನ ದೋಣಿಗೆ ಪೆಟ್ಟಿಗೆಯನ್ನೇ ಕೂರಿಸಿಲ್ಲ ಎಂದೆ. ಅವಳು ಹುಡುಕಿದಳು. ಅದು ಮೋಹನ ಒಯ್ದ ಪೆಟ್ಟಿಗೆ.

"ಯಂತ್ರ ಕೆಟ್ಟಿರ್ಬೇಕು ಅಜ್ಜಿ."

"ಕೆಟ್ಟದ್ದು ಸುಮ್ನೆ ಇರ್ಬೇಕಲ್ದನೇ? ಮಾತಾಡೂದು ಎಂತಕ್ಕೆ?" ಎಂದೆ. ಅವಳು ಕುರ್ಚಿ ಹಿಂದೆ ಸರಿಸಿಕೊಂಡಳು.

ಅಂದಿನಿಂದ ದಿನಾ ಹೋಗಿ ನೋಡುತ್ತೇನೆ. ಬೆಳಿಗ್ಗೆ ಚುಕ್ಕಿ ಗುಡ್ಡದ ಬಳಿ. ಮಧ್ಯಾಹ್ನ ಊಟದ ಹೊತ್ತಿಗೆ, ಹೊಳೆ ಸಮುದ್ರ ಸೇರುವ ನಮ್ಮ ಅಳಿವೆಯ ಬಾಯಿಗೆ ಬರುತ್ತದೆ, ಒಳಗೆ ಬರುವುದಿಲ್ಲ. ನಿನ್ನೆ ಆ ಹೊತ್ತಿಗೆ ದಡದಲ್ಲೇ ನಿಂತೆ. ದೋಣಿ ಕಾಣಲಿಲ್ಲ. ಆದರೆ ಅಳಿವೆಯಲ್ಲಿ ನೀರು ಎರಡಾಗಿ ಸೀಳಿತು, ದೋಣಿಯ ಮೂತಿ ಸೀಳಿದ ಹಾಗೆ. ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ನಿನ್ನ ದೋಣಿಯ ಎದುರಿಗೆ ಆ ಸೀಳು ಸ್ವಲ್ಪ ಹೊತ್ತು ನಿಂತು, ಹಿಂದೆ ತಿರುಗಿತು. ಅಣ್ಣಪ್ಪನೂ ನೋಡಿದ.

ನೋಟೀಸಿಗೆ ಉತ್ತರ ಕೊಡಲು ಇವತ್ತೇ ಕೊನೆ. ಯಂತ್ರದ ದೋಷವೆಂದು ಬರೆದುಕೊಟ್ಟರೆ ಪರವಾನಗಿ ಉಳಿಯುತ್ತದೆ ಎನ್ನುತ್ತಾಳೆ ದಿವ್ಯಶ್ರೀ. ಹೊರಟಿದ್ದೇನೆ. ಪ್ರಣಿತಾಳನ್ನು ಭಾರ ಎತ್ತಲು ಬಿಡಬೇಡ. ಹುಟ್ಟುವ ಕೂಸಿಗೂ ನಿಮ್ಮಿಬ್ಬರಿಗೂ ಜಟಗನ ಕಾವಲಿರಲಿ.

ನಿನ್ನ ಅಮ್ಮ,
ಮಾದೇವಿ

ತಾ.ಕ.: ಕಚೇರಿಯಿಂದ ಬಂದು ಬರೆಯುತ್ತಿದ್ದೇನೆ. ಯಂತ್ರದ ದೋಷವೆಂದು ಬರೆಯಲಿಲ್ಲ, ಪರವಾನಗಿ ವಾಪಸು ಕೊಟ್ಟೆ. ಸಂಖ್ಯೆ ಮೋಹನನದು, ಅವನಿಗೇ ಇರಲಿ. ನೀನು ಆಗಸ್ಟಿಗೆ ಬರಬೇಡ, ದೋಣಿ ಇಳಿಯುವುದಿಲ್ಲ. ಬೈಯುವುದಿದ್ದರೆ ಬೈ, ಅಲ್ಲೇ ಇದ್ದು ಬೈ. ನಾನು ಮೆಟ್ಟಿಲಿಳಿಯುವಾಗ ದಿವ್ಯಶ್ರೀ ಓಡಿ ಬಂದಳು. ಚುಕ್ಕಿ ಅಳಿವೆಯ ಒಳಗೆ ಬಂತಂತೆ. ದಡವನ್ನೂ ದಾಟಿತಂತೆ. "ನಿಮ್ಮ ಮನೆ ಎಲ್ಲಿ ಬರ್ತದೆ ಅಜ್ಜಿ?" ಎಂದು ಕೇಳಿದಳು. ಮನೆಗೆ ಬಂದು ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದ್ದೇನೆ. ಅಂಗಳದಲ್ಲಿ ಯಾರೋ ಕಾಲು ತೊಳೆಯುತ್ತಿರುವ ಸದ್ದು.