ತೊಟ್ಟಿಯ ಮೇಲಿನ ಬಿಸಿಲು

ಸೌತ್‌ಫೀಲ್ಡ್, ಸೇಂಟ್ ಎಲಿಜಬೆತ್
ಮಾರ್ಚ್ 9, 2025, ಭಾನುವಾರ

ಪ್ರೀತಿಯ ತಮ್ಮ ಲಿನ್ವಲ್‌ಗೆ,

ನಿನ್ನ ಅಕ್ಕ ಡೊರೆಟ್ ಮಾಡುವ ಆಶೀರ್ವಾದ. ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಟೊರಾಂಟೊದ ಚಳಿಗೆ ನಿನ್ನ ಮೊಣಕಾಲು ಏನನ್ನುತ್ತಿದೆಯೋ ಗೊತ್ತಿಲ್ಲ, ಎಣ್ಣೆ ಹಚ್ಚಿ ಉಜ್ಜುವುದನ್ನು ಬಿಡಬೇಡ. ಕಾಗದ ತಡವಾಯಿತೆಂದು ಬೈಯಬೇಡ. ನಿನ್ನ ದುಡ್ಡು ಬಂದ ವಾರವೇ ಬರೆಯಲು ಕೂತಿದ್ದೆ. ಆದರೆ ಸೋಲಾರ್ ಹಾಕಿಸಿದ ಮೇಲಿನ ಮೊದಲ ಕರೆಂಟ್ ಬಿಲ್ಲು ನೋಡದೆ ಏನೆಂದು ಬರೆಯಲಿ? ಫೋನಿನಲ್ಲಿ ಹೇಳೋಣವೆಂದರೆ ನೀನು ನಗಿಸುತ್ತೀಯ, ನಾನು ಹೇಳಬೇಕಾದದ್ದು ಮರೆತೇ ಹೋಗುತ್ತದೆ.

ಬಿಲ್ಲು ಶುಕ್ರವಾರ ಬಂತು. ತಿಂಗಳಿಗೆ ನಮ್ಮ ಇಲ್ಲಿನ ಡಾಲರಿನಲ್ಲಿ ಹತ್ತೊಂಬತ್ತು ಸಾವಿರ ಕಟ್ಟುತ್ತಿದ್ದವಳಿಗೆ ಎರಡು ಸಾವಿರ ಚಿಲ್ಲರೆ. ತಪ್ಪಿ ಬೇರೆಯವರದ್ದು ಬಂತೇನೋ ಎಂದು ಹೆಸರನ್ನು ಎರಡು ಸಲ ಓದಿದೆ. ಶಾಲೆಯ ಮಕ್ಕಳಿಗೆ ಮಾರುವ ಜ್ಯೂಸ್ ಪೊಟ್ಟಣಗಳ ಲಾಭವನ್ನೆಲ್ಲ ಇಷ್ಟು ವರ್ಷ ಆ ಎರಡು ಫ್ರೀಜರುಗಳೇ ತಿಂದು ತೇಗುತ್ತಿದ್ದವು. ಈಗ ಬಿಸಿಲು ಅವಕ್ಕೆ ಅನ್ನ ಹಾಕುತ್ತಿದೆ. ಹದಿನಾಲ್ಕು ಲಕ್ಷದಲ್ಲಿ ಅರ್ಧ ನೀನು ಕೊಟ್ಟೆ. ನೀನಿಲ್ಲದಿದ್ದರೆ ಈ ವರ್ಷ ಜ್ಯೂಸಿನ ವ್ಯಾಪಾರ ಮುಚ್ಚುತ್ತಿದ್ದೆ, ಅದು ನಿನಗೂ ಗೊತ್ತು. ದೇವರು ನಿನ್ನ ಕೈಯನ್ನು ಬರಿದು ಮಾಡದಿರಲಿ.

ಆದರೆ ಪ್ಯಾನೆಲ್ ಮನೆಯ ಮೇಲಿಲ್ಲ. ಅದನ್ನೇ ಹೇಳಲು ಈ ಕಾಗದ.

ಸೋಲಾರ್ ಹಾಕುವ ಕೆಮಾರ್ ಮೊದಲ ದಿನ ಮನೆಯ ಮಾಡು ಹತ್ತಿ, ಹಿತ್ತಲಿನ ದೀವಿಹಲಸಿನ ಮರ ನೋಡಿ ತಲೆ ಕೆರೆದುಕೊಂಡ.

“ಮಿಸ್ ಡೊರೆಟ್, ಬಿಸಿಲು ಏರೋ ಹೊತ್ತಿಗೆ ಈ ಮರದ ನೆರಳು ನಿಮ್ಮ ಮಾಡನ್ನೇ ನುಂಗಿಬಿಡುತ್ತೆ. ಮರ ತೆಗೆಸಿದ್ರೆ ಏಳು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಹಿಂಗೇ ಬಿಟ್ರೆ ಹನ್ನೆರಡು.”

“ಹನ್ನೆರಡು ವರ್ಷಕ್ಕೆ ನಂಗೆ ಎಂಬತ್ತಾರಾಗುತ್ತಲ್ಲೋ. ಆಮೇಲಿನ ಲಾಭ ಯಾರಿಗೆ, ನಿಂಗಾ, ಪಾದ್ರಿಗಾ?”

“ನಂಗೇ ಬರ್ದಿಟ್ಬಿಡಿ, ಪಾದ್ರಿ ಮನೇಲಿ ಆಗ್ಲೇ ಸೋಲಾರ್ ಇದೆ,” ಎಂದ ಹುಡುಗ.

ಅವತ್ತೇ ನಿನಗೆ ಫೋನ್ ಮಾಡಿದೆನಲ್ಲ. “ಕಡಿಸಿಬಿಡು ಅಕ್ಕ,” ಎಂದೆ ನೀನು. “ನಿನ್ನ ಹೊಕ್ಕುಳಬಳ್ಳಿ ಹೂತ ಮರ ಅಂತ ಹಿಂದೆಮುಂದೆ ನೋಡ್ತಿದ್ದೀಯಾ? ನೀನೇ ಅಲ್ಲಿದ್ದೀಯ, ನಿಂಗ್ಯಾಕೆ ಮರ? ಊರು ಬಿಟ್ಟೋನಿಗೆ ಬೇಕಿತ್ತು ಅದು. ನನ್ನ ಮಾವೇ ಬಿರುಗಾಳೀಲಿ ಹೋಯ್ತು.”

ನೀನು ಹೇಳಿದ್ದು ನನಗೂ ಸರಿಯೆನಿಸಿತು. ಹೊಕ್ಕುಳಬಳ್ಳಿ ಹೂತು ಮರ ನೆಟ್ಟಲ್ಲೇ ಮನುಷ್ಯನ ಊರು ಎಂದು ನಂಬಿದ್ದ ಅಮ್ಮ, ಗೇಟಿನ ಮಾವು ಒಬ್ಬರದು, ಹಿತ್ತಲಿನ ದೀವಿಹಲಸು ಒಬ್ಬರದು ಎನ್ನುತ್ತಿದ್ದಳೇ ಹೊರತು ಯಾರದು ಯಾವುದೆಂದು ಬಿಡಿಸಿ ಹೇಳಿದ್ದು ನನಗೆ ನೆನಪಿಲ್ಲ. ನೀನು ಹಗಲೆಲ್ಲ ಮಾವಿನ ಮೇಲೇ ಇರುತ್ತಿದ್ದೆ, ಹಾಗಾಗಿ ಅದು ನಿನ್ನದಾಯಿತು, ಉಳಿದದ್ದು ನನ್ನದು. ಮಕ್ಕಳು ಮಾಡಿಕೊಂಡ ಪಾಲು.

ಅದರ ಮುಂದಿನ ಮಂಗಳವಾರ ಮರ ಕಡಿಯುವವನು ಬಂದ. ಹಗ್ಗ ಬಿಗಿದು ಇನ್ನೇನು ಗರಗಸ ಎತ್ತಬೇಕು, ಪಕ್ಕದ ಮನೆಯ ಪರ್ಲೀನಕ್ಕ ಬೇಲಿಗೆ ಬಂದು ನಿಂತಳು. ಎಂಬತ್ತೆರಡಾದರೂ ಅವಳ ಕಿವಿಗೆ ಏನೂ ಆಗಿಲ್ಲ.

“ಯಾರ ಮರಕ್ಕೆ ಗರಗಸ ಇಡಿಸ್ತಿದ್ದೀಯೇ, ಡೊರೆಟ್?”

“ನಂದೇ, ಪರ್ಲೀನಕ್ಕ. ನನ್ನ ಮರಕ್ಕೆ ನಾನೇ ಅಪ್ಪಣೆ ಕೊಟ್ಟಿದ್ದೀನಿ.”

“ನಿಂದಾ? ನಿಂದನ್ನ ಹೋದ ವರ್ಷವೇ ಸೌದೆ ಮಾಡ್ಕೊಂಡು ತೊಗರಿ ಅನ್ನ ಬೇಯಿಸ್ಕೊಂಡು ತಿಂದ್ಯಲ್ಲೇ. ನಂಗೂ ಒಂದು ತಟ್ಟೆ ಕೊಟ್ಟಿದ್ದೆ.”

ನನಗೆ ಅರ್ಥವಾಗಲಿಲ್ಲ. ಮರದವನು ಗರಗಸ ಹಿಡಿದುಕೊಂಡೇ ನಗುತ್ತಿದ್ದ.

“ಮಾವು ನಿಂದು ಕಣೇ,” ಎಂದಳು ಪರ್ಲೀನಕ್ಕ. “ನೀನು ಹುಟ್ಟಿದಾಗ ನಾನು ಚಿಕ್ಕೋಳು, ನಿಂತು ನೋಡಿದ್ದೀನಿ. ಲಿನ್ವಲ್ ಹುಟ್ಟಿದಾಗ ಈ ಗುಂಡಿ ತೋಡಿದ್ದೇ ನಾನು. ನೆಲ ಕಲ್ಲಾಗಿತ್ತು. ಆಳ ತೋಡೇ ಹುಡುಗಿ, ನಾಯಿ ಎಳ್ಕೊಂಡು ಹೋಗ್ತದೆ ಅಂತ ನಿಮ್ಮಮ್ಮ ಮಲಗಿದ್ದಲ್ಲಿಂದಾನೇ ಕೂಗ್ತಿದ್ಲು. ಹೊಕ್ಕುಳಬಳ್ಳಿ ಹಾಕಿ, ಅದರ ಮೇಲೆ ದೀವಿಹಲಸಿನ ಸಸಿ ಇಟ್ಟು, ಕಾಲಲ್ಲಿ ತುಳಿದು ಗಟ್ಟಿ ಮಾಡಿದ್ದೀನಿ. ಸಣ್ಣೋನಿಗೆ ಫೋನ್ ಮಾಡಿ ಕೇಳಿದ್ಯಾ, ಅವನ ಮರ ಕಡೀಬೌದಾ ಅಂತ?”

ಕೇಳಿದ್ದೆ, ಲಿನ್ವಲ್. ನೀನು ಹೂಂ ಎಂದಿದ್ದೆ. ಆದರೆ ನನ್ನದೆಂದುಕೊಂಡು ಹೂಂ ಎಂದಿದ್ದೆ.

“ಕಡೀಲೋ ಬೇಡ್ವೋ ತಾಯಿ?” ಎಂದ ಮರದವನು. ಜ್ಯೂಸ್ ಕುಡಿಸಿ, ಅರ್ಧ ದಿನದ ಕೂಲಿ ಕೊಟ್ಟು ಕಳಿಸಿದೆ. ಕೆಮಾರ್‌ನನ್ನು ಕರೆದು, ಮನೆಯ ಮಾಡಿನ ಮೇಲೆ ಬೇಡ, ಮಳೆನೀರಿನ ತೊಟ್ಟಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಅದರ ಮೇಲೆ ಹಾಕು ಎಂದೆ. ಅವನು ಎರಡೂವರೆ ಲಕ್ಷ ಜಾಸ್ತಿಯಾಗುತ್ತದೆ, ದುಡ್ಡು ಮರಳಲು ಎಂಟೂವರೆ ವರ್ಷ ಬೇಕು ಎಂದ. “ಒಂದು ಮರಕ್ಕೋಸ್ಕರಾನಾ, ಮಿಸ್ ಡೊರೆಟ್?” ಎಂದು ಗೊಣಗಿದ.

“ನಿನ್ನ ಹೊಕ್ಕುಳಬಳ್ಳಿ ಎಲ್ಲಿದೆಯೋ?” ಎಂದೆ.

ಹುಡುಗ ಮರದತ್ತ ತಲೆಯೆತ್ತಿ ನೋಡಿದ. “ನಮ್ಮಜ್ಜಿ ಹಿತ್ತಲಲ್ಲಿ. ತೆಂಗಿನ ಮರ,” ಎಂದು ಅಳತೆಪಟ್ಟಿ ತೆಗೆದುಕೊಂಡು ತೊಟ್ಟಿಯ ಕಡೆ ಹೋದ.

ಹೆಚ್ಚಿಗೆ ಬಿದ್ದ ದುಡ್ಡಿಗಾಗಿ ನೀನು ಜೇಬಿಗೆ ಕೈಹಾಕಬೇಡ. ಚರ್ಚಿನ ಹೆಂಗಸರ ಚೀಟಿಯಲ್ಲಿ ನನ್ನ ಸರದಿ ಮೊದಲೇ ಬರುವಂತೆ ಮಾಡಿಕೊಂಡೆ, ಎರಡು ಆಡು ಮಾರಿದೆ. ಚೌಕಟ್ಟಿನ ನೆರಳಿನಲ್ಲಿ ತೊಟ್ಟಿಯ ನೀರು ಈಗ ಮಧ್ಯಾಹ್ನವೂ ತಣ್ಣಗಿರುತ್ತದೆ, ಇದು ಕೆಮಾರ್‌ನ ಲೆಕ್ಕದಲ್ಲಿ ಇರಲಿಲ್ಲ. ಪರ್ಲೀನಕ್ಕ ತನ್ನ ಮೀನು, ಕಣ್ಣಿನ ಔಷಧ ಎರಡನ್ನೂ ನನ್ನ ಫ್ರಿಜ್ಜಿನಲ್ಲೇ ಇಟ್ಟಿದ್ದಾಳೆ. ಬಾಡಿಗೆ ಕೊಡು ಎಂದರೆ, “ನಿನ್ನ ತಮ್ಮನ ಮರ ಉಳಿಸಿಕೊಟ್ಟೆನಲ್ಲ, ಅದರಲ್ಲಿ ಮುರ್ಕೋ,” ಎನ್ನುತ್ತಾಳೆ. ಹೋದ ವಾರ ಊರಿಗೆಲ್ಲ ಕರೆಂಟ್ ಹೋದಾಗ ಅಂಗಳದ ತುಂಬ ಜನ, ಪ್ರತಿಯೊಬ್ಬರ ಕೈಯಲ್ಲೂ ಚಾರ್ಜಿಗೆ ಒಂದು ಫೋನು. ನಿನ್ನ ಹೆಸರು ಹೇಳಿ ಹರಸಿ ಹೋದರು. ನನಗೆ ಈ ವರ್ಷ ಕೃತಜ್ಞತೆಯ ಮಾತು ಬಿಟ್ಟರೆ ಬೇರೆ ಮಾತೇ ಇಲ್ಲ.

ದೇವರು ನಿನ್ನ ಹೋಗುವಿಕೆ ಬರುವಿಕೆಗಳನ್ನು ಕಾಯಲಿ. ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು.

ನಿನ್ನ ಅಕ್ಕ,
ಡೊರೆಟ್

ಮತ್ತೆ: ಮಾವು ಬಿದ್ದ ಮುಂದಿನ ತಿಂಗಳು ನೀನು ಟೊರಾಂಟೊದಲ್ಲೇ ಸ್ಮಶಾನದಲ್ಲಿ ಜಾಗ ಕೊಂಡುಕೊಂಡೆ. “ಊರಲ್ಲಿ ನಂದು ಅಂತ ಇನ್ನೇನಿದೆ ಅಕ್ಕ,” ಎಂದೆ. ನಾನು “ಒಳ್ಳೇದಾಯ್ತು” ಎಂದು ಫೋನ್ ಇಟ್ಟೆ. ಒಳ್ಳೆಯದೇನೂ ಆಗಿರಲಿಲ್ಲ. ಅವತ್ತಿನಿಂದ ಅಮ್ಮನ ಗೋರಿಯ ಸುತ್ತ ಕಳೆ ಕೀಳಲು ಹೋದಾಗಲೆಲ್ಲ, ಅವಳ ಬಲಗಡೆ ನಿನಗೆಂದು ಬಿಟ್ಟ ಖಾಲಿ ನೆಲದತ್ತ ನೋಡದೆ ಎದ್ದು ಬರುತ್ತೇನೆ. ನಿನ್ನ ಮರ ಬಿದ್ದಿಲ್ಲ, ಲಿನ್ವಲ್. ಆ ಜಾಗ ಮಾರಿದವರು ವಾಪಸ್ ತೆಗೆದುಕೊಳ್ಳುತ್ತಾರೋ, ಕೇಳಿ ನೋಡು. ಅವರು ಪೂರ್ತಿ ದುಡ್ಡು ಕೊಡದಿದ್ದರೂ ಜಾಗ ಬಿಟ್ಟುಕೊಡು. ನಷ್ಟದಲ್ಲಿ ಅರ್ಧ ನನ್ನದು.